ಕೆರೆ, ಏರಿ, ಕೋಡಿ: ಕಂಬಂ ಕಣಿವೆಯ ಕನ್ನಡ ಮನೆಗಳ ಹಿತ್ತಿಲ ನೀರು

ತೇನಿ, ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ನೀರಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮುಲ್ಲೈಪೆರಿಯಾರ್ ಅಣೆಕಟ್ಟಿನಿಂದ ಆರಂಭಿಸುತ್ತಾರೆ. ಅದು ಸಹಜವೂ ಹೌದು. ಪಶ್ಚಿಮಕ್ಕೆ ಹರಿದು ಕಡಲು ಸೇರುತ್ತಿದ್ದ ನದಿಯನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿಸಿದ ಆ ಕಾರ್ಯ ಯಾರ ಗಮನವನ್ನಾದರೂ ಸೆಳೆಯುವಂಥದು. ಆದರೆ ಅಣೆಕಟ್ಟು ಬರುವುದಕ್ಕೆ ಬಹುಕಾಲ ಮುಂಚೆಯೇ ಈ ಕಣಿವೆಯಲ್ಲಿ ಜನರು ನೆಲೆಸಿದ್ದರು, ಬೆಳೆ ತೆಗೆದಿದ್ದರು, ದನ ಸಾಕಿದ್ದರು, ಮನೆಯ ಹಿಂದೆ ತೆಂಗು, ಬಾಳೆ, ನುಗ್ಗೆಗಳನ್ನು ಬೆಳೆಸಿದ್ದರು. ಅವರಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡವರೂ ಇದ್ದರು. ಆ ಮನೆಗಳ ಹಿತ್ತಿಲಿನಲ್ಲಿ ನೀರು ಎಲ್ಲಿಂದ ಬಂದಿತು, ಎಲ್ಲಿ ನಿಂತಿತು, ಹೆಚ್ಚಾದಾಗ ಎಲ್ಲಿಗೆ ಹೋಯಿತು ಎಂಬ ಸಣ್ಣ ಪ್ರಶ್ನೆಯನ್ನು ಈ ಲೇಖನದಲ್ಲಿ ವಿಚಾರಿಸಲು ನಾವು ಬಯಸುತ್ತೇವೆ. ಪ್ರಶ್ನೆ ಸಣ್ಣದಾದರೂ ಅದರ ಉತ್ತರದಲ್ಲಿ ನಮ್ಮ ನೆಲದ ಕ್ಷೇಮವೂ ನಮ್ಮ ನುಡಿಯ ಒಂದು ಭಾಗವೂ ಅಡಗಿವೆ ಎಂಬುದು ನಮ್ಮ ನಂಬಿಕೆ.

ಬಂದವರು, ನೆಲೆಸಿದವರು

ಈ ಸೀಮೆಯ ಕನ್ನಡಿಗರು ಒಂದೇ ಕಾಲದಲ್ಲಿ, ಒಂದೇ ದಾರಿಯಲ್ಲಿ ಬಂದವರಲ್ಲ. ಕಂಬಂ ಕಣಿವೆಯ ಕಪ್ಪಿಲಿಯರು ಹಾಗೂ ಒಕ್ಕಲಿಗರು, ಸುತ್ತಲಿನ ಅನುಪ್ಪರು, ನೇಕಾರಿಕೆಯನ್ನು ಕುಲಕಸುಬಾಗಿ ನಡೆಸಿಕೊಂಡು ಬಂದ ದೇವಾಂಗರು, ಹೀಗೆ ಹಲವು ಸಮುದಾಯಗಳಲ್ಲಿ ಕನ್ನಡ ಮನೆಮಾತಾಗಿ ಉಳಿದುಬಂದಿದೆ. ಬರಹ ತಮಿಳಿನಲ್ಲಿ, ಶಾಲೆ ತಮಿಳಿನಲ್ಲಿ, ಸಂತೆಯ ವ್ಯವಹಾರ ತಮಿಳಿನಲ್ಲಿ. ಆದರೆ ಹೊಸಿಲು ದಾಟಿ ಒಳಗೆ ಬಂದರೆ ಅಜ್ಜಿ ಮೊಮ್ಮಗುವನ್ನು ಗದರುವುದು ಕನ್ನಡದಲ್ಲಿ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಗ್ರಂಥಮಾಲೆಯಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ನುಡಿಯುವ ಬೇಸಾಯಗಾರರೆಂದೇ ಗುರುತಿಸಲಾಗಿದೆ.

ತುಂಗಭದ್ರೆಯ ತೀರದಿಂದ, ವಿಜಯನಗರದ ಸೀಮೆಯಿಂದ ತಮ್ಮ ಹಿರಿಯರು ದಕ್ಷಿಣಕ್ಕೆ ಬಂದರೆಂಬ ಐತಿಹ್ಯ ಇಲ್ಲಿನ ಹಲವು ಮನೆತನಗಳಲ್ಲಿದೆ. ಬೆನ್ನಟ್ಟಿ ಬಂದವರಿಂದ ತಪ್ಪಿಸಿಕೊಂಡು ಓಡುವಾಗ ತುಂಬಿದ ಹೊಳೆ ಅಡ್ಡವಾಯಿತೆಂದೂ, ದಡದ ಹೊಂಗೆಯ ಮರ ಬಾಗಿ ಸೇತುವೆಯಾಗಿ ಅವರನ್ನು ದಾಟಿಸಿತೆಂದೂ ಹೇಳುವ ಕಥೆ ದಕ್ಷಿಣಕ್ಕೆ ವಲಸೆ ಬಂದ ಒಂದಕ್ಕಿಂತ ಹೆಚ್ಚು ಸಮುದಾಯಗಳಲ್ಲಿ ಪ್ರಚಲಿತವಾಗಿದೆ. ಐತಿಹ್ಯವನ್ನು ಇತಿಹಾಸವೆಂದು ನಾವು ಹೇಳುವುದಿಲ್ಲ. ಆದರೂ ವಲಸೆಯ ಕಥೆ ನೀರಿನ ದಡದಲ್ಲಿ ನಿಂತು ಆರಂಭವಾಗುವುದೂ, ಅದರಲ್ಲಿ ಹೊಂಗೆಯ ಮರ ಬರುವುದೂ ಗಮನಿಸತಕ್ಕ ಸಂಗತಿ. ನೀರಿನ ಅಂಚಿನಲ್ಲಿ ಬೆಳೆದು, ಬೇರಿನಿಂದ ಮಣ್ಣನ್ನು ಹಿಡಿದು, ಸೊಪ್ಪಿನಿಂದ ಗದ್ದೆಗೆ ಗೊಬ್ಬರ ಕೊಡುವ ಈ ಮರವನ್ನು ಬೇಸಾಯದ ಜನ ಮರೆಯುವಂತಿಲ್ಲ.

ಚರಿತ್ರೆಯ ದೃಢವಾದ ದಾಖಲೆಗಳೂ ಈ ಸೀಮೆಗೂ ಕನ್ನಡ ನಾಡಿಗೂ ಇದ್ದ ಸಂಬಂಧವನ್ನು ತೋರಿಸುತ್ತವೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕುಮಾರ ಕಂಪಣನ ದಂಡಯಾತ್ರೆಯಿಂದ ಮಧುರೆ ವಿಜಯನಗರದ ಆಳ್ವಿಕೆಗೆ ಸೇರಿತು. ಹದಿನಾರನೆಯ ಶತಮಾನದಲ್ಲಿ ವಿಶ್ವನಾಥ ನಾಯಕನಿಂದ ಮಧುರೆಯ ನಾಯಕರ ಆಳ್ವಿಕೆ ಆರಂಭವಾಯಿತು. ವೈಗೈ ನದಿಗೆ ಅಡ್ಡಲಾಗಿ ಕಟ್ಟಿದ ಪೇರಣೆ, ಚಿಟ್ಟಣೆಗಳೆಂಬ ಒಡ್ಡುಗಳನ್ನು ಅವನ ಹೆಸರಿಗೇ ಸಲ್ಲಿಸುವ ವಾಡಿಕೆಯಿದೆ. ಮುಂದೆ ದಿಂಡಿಗಲ್ ಮೈಸೂರಿನ ಅಧೀನಕ್ಕೆ ಬಂದಿತು. 1755ರಲ್ಲಿ ಹೈದರಾಲಿ ಅಲ್ಲಿನ ಫೌಜುದಾರನಾದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಇಂಗ್ಲಿಷರಿಗೆ ಹೋಯಿತು. ದಿಂಡಿಗಲ್ಲಿನ ಬೋಳು ಬಂಡೆಯ ಕೋಟೆಯನ್ನು ಹತ್ತಿದವರು ಅಲ್ಲಿ ಮಳೆಯ ನೀರು ನಿಲ್ಲುವ ಹೊಂಡಗಳನ್ನು ಕಂಡಿರಬಹುದು. ಬಂಡೆಯ ಮೇಲೆ ಬಾವಿ ತೋಡುವಂತಿಲ್ಲ. ಆಕಾಶದಿಂದ ಬಿದ್ದುದನ್ನು ಹಿಡಿದಿಡುವುದೇ ದಾರಿ. ಕೋಟೆಗೆ ಹೇಗೋ, ಒಣಸೀಮೆಯ ಮನೆಗೂ ಹಾಗೆ.

ಎರಡು ನುಡಿ, ಒಂದು ನೀರು

ತಮಿಳಿನ ನಡುವೆ ಬಾಳಿದ ಕನ್ನಡಿಗನಿಗೆ ನೀರಿನ ಮಾತುಗಳಲ್ಲಿ ಒಂದು ವಿಚಿತ್ರ ಎದುರಾಗುತ್ತದೆ. ಕನ್ನಡದಲ್ಲಿ ನೀರು ನಿಲ್ಲುವ ತಾಣ ‘ಕೆರೆ’. ಅದನ್ನು ತಡೆದು ನಿಲ್ಲಿಸುವ ಮಣ್ಣಿನ ದಿಬ್ಬ ‘ಏರಿ’. ತಮಿಳಿನಲ್ಲಿ ನೀರು ನಿಲ್ಲುವ ತಾಣವೇ ‘ಏರಿ’. ಅದರ ದಡ ‘ಕರೈ’. ಒಬ್ಬನ ದಂಡೆ ಮತ್ತೊಬ್ಬನಿಗೆ ಜಲಾಶಯ! ಕೆರೆ ಮತ್ತು ಕರೈ ಕಿವಿಗೆ ಹತ್ತಿರವೆನಿಸಿದರೂ ಅವು ಒಂದೇ ಮೂಲದವಲ್ಲ. ಹಳಗನ್ನಡದ ‘ಕೆಱೆ’ ಎಂಬುದು ತಡೆ, ಅಣೆ ಎಂಬರ್ಥದ ತಮಿಳಿನ ‘ಚಿಱೈ’ ಎಂಬ ಪದದ ಸೋದರ. ತಡೆದು ನಿಲ್ಲಿಸಿದ ನೀರು ಎಂಬ ಭಾವವೇ ಅದರ ಒಳಗಿದೆ.

ಮಧುರೆ, ತೇನಿ ಕಡೆಯ ತಮಿಳಿನಲ್ಲಿ ಕೆರೆಗೆ ‘ಕಣ್ಮಾಯ್’ ಎಂದೂ ‘ಕುಳಂ’ ಎಂದೂ ಹೆಸರು. ಕುಡಿಯುವ ನೀರಿಗಾಗಿಯೇ ಮೀಸಲಾದ ಊರ ಕೊಳ ‘ಊರುಣಿ’. ನಮ್ಮ ತೂಬು ಅಲ್ಲಿ ತೂಂಬು ಅಥವಾ ಮಡೈ. ನಮ್ಮ ಕೋಡಿ ಅಲ್ಲಿ ಕಲಿಂಗು. ಕೆರೆ ತುಂಬಿ ಕೋಡಿ ಹರಿಯಿತೆಂದು ನಾವು ಹಿಗ್ಗಿ ಹೇಳುವುದನ್ನು ಅವರು ‘ಮರುಕಾಲ್ ಪಾಯ್ದದು’ ಎನ್ನುತ್ತಾರೆ. ಮರುಕಾಲ್ ಎಂದರೆ ಮತ್ತೊಂದು ಕಾಲುವೆ. ನೀರು ಬರುವುದಕ್ಕೆ ಒಂದು, ಮಿಕ್ಕುದು ಹೊರಡುವುದಕ್ಕೆ ಮತ್ತೊಂದು. ಕರ್ನಾಟಕದ ನೀರುಗಂಟಿ ತಮಿಳುನಾಡಿನ ಕೆಲವೆಡೆ ನೀರ್ಕಟ್ಟಿ, ಕೆಲವೆಡೆ ನೀರ್ಪಾಯ್ಚಿ. ಮನೆಯ ಹಿಂದಿನ ಸಣ್ಣ ನೀರುಗುಂಡಿ ಕನ್ನಡದಲ್ಲಿ ಕುಂಟೆ, ತಮಿಳಿನಲ್ಲಿ ಕುಟ್ಟೈ. ಗಿಡ ನೆಡುವ ಪಾತಿ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ.

ಈ ಪಟ್ಟಿಯನ್ನು ಕೊಡುವುದರಲ್ಲಿ ನಮ್ಮ ಉದ್ದೇಶ ಪಾಂಡಿತ್ಯಪ್ರದರ್ಶನವಲ್ಲ. ಬರುವ ನೀರು, ನಿಲ್ಲುವ ನೀರು, ಬಿಡುವ ನೀರು, ಮಿಕ್ಕು ಹೋಗುವ ನೀರು, ಈ ನಾಲ್ಕಕ್ಕೂ ಎರಡು ಭಾಷೆಗಳಲ್ಲಿಯೂ ಬೇರೆಬೇರೆ ಹೆಸರುಗಳಿವೆ ಎಂಬುದು ಮುಖ್ಯ. ಹೆಸರಿದ್ದಲ್ಲಿ ಗಮನವಿತ್ತು. ಇಂದಿನ ಮಾತಿನಲ್ಲಿ ಇವೆಲ್ಲವೂ ಸೇರಿ ‘ಪೈಪು’ ಮತ್ತು ‘ಡ್ರೈನೇಜು’ ಎಂಬ ಎರಡೇ ಪದಗಳಾಗಿವೆ.

ಕಣಿವೆಯ ನೆಲ, ಕಣಿವೆಯ ಮಳೆ

ಕಂಬಂ ಕಣಿವೆಯ ಪಶ್ಚಿಮಕ್ಕೆ ಏಲಕ್ಕಿ ಬೆಟ್ಟಗಳ ಸಾಲು, ಪೂರ್ವ ಮತ್ತು ದಕ್ಷಿಣಕ್ಕೆ ಮೇಘಮಲೆಯ ಸಾಲು. ನೈಋತ್ಯದ ಮಳೆಮೋಡಗಳು ಬೆಟ್ಟದ ಆಚೆಯ ಕೇರಳಕ್ಕೆ ಬಹುಪಾಲನ್ನು ಸುರಿಸಿ, ಈಚೆಗೆ ಗಾಳಿಯನ್ನೂ ತುಂತುರನ್ನೂ ಮಾತ್ರ ಕಳುಹಿಸುತ್ತವೆ. ಕಣಿವೆಯ ತಳಕ್ಕೆ ಹೆಚ್ಚಿನ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದಲ್ಲಿ. ಅದು ಬರುವ ರೀತಿಯೂ ಬೇರೆ. ವಾರಗಟ್ಟಲೆ ಹನಿಯುವ ಮಲೆನಾಡಿನ ಜಡಿಮಳೆಯಲ್ಲ ಅದು; ಒಂದು ಸಂಜೆ ಕಪ್ಪಾಗಿ ಕವಿದು, ಎರಡು ಗಂಟೆಗಳಲ್ಲಿ ಸುರಿದು, ಬೆಟ್ಟದ ಹಳ್ಳಗಳನ್ನೆಲ್ಲ ಒಮ್ಮೆಗೇ ಕೆರಳಿಸಿ ಹೋಗುವ ಮಳೆ. ಮರುದಿನ ಬಿಸಿಲು.

ಆದ್ದರಿಂದ ಈ ಸೀಮೆಯ ಮನೆಗೆ ನೀರಿನ ತೊಂದರೆ ಎರಡು ಬಗೆಯದು. ವರ್ಷದ ಬಹುಪಾಲು ನೀರಿಲ್ಲ. ಕೆಲವೇ ದಿನ ನೀರು ಮಿತಿಮೀರಿದೆ. ಎರಡಕ್ಕೂ ಒಂದೇ ಏರ್ಪಾಟಿನಲ್ಲಿ ಉತ್ತರ ಕಂಡುಕೊಳ್ಳಬೇಕು. ಹಿತ್ತಿಲ ಕುಂಟೆ ಅಂಥ ಏರ್ಪಾಟು.

ನೀರಿನ ಅಭಾವದಂತೆ ನೀರಿನ ಅತಿರೇಕವೂ ದೋಷವೆಂಬುದನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರು. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಈ ವಿಷಯದಲ್ಲಿ ಅಮೂಲ್ಯವಾದುದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಉಪ್ಪುಮಣ್ಣು, ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು, ಕೆರೆಯ ನಡುವೆ ಆಮೆಯ ಬೆನ್ನಿನಂತೆ ನೆಲ ಉಬ್ಬಿರುವುದು, ನೀರು ಕಡಮೆಯಾಗಿ ಭೂಮಿ ಹೆಚ್ಚಾಗಿರುವುದು ಐದು ದೋಷಗಳಾದರೆ, ನೀರು ಹೆಚ್ಚಾಗಿ ಭೂಮಿ ಕಡಮೆಯಾಗಿರುವುದು ಆರನೆಯದು. ಅದಕ್ಕೂ ಹಿಂದೆ, ಸುಮಾರು 1025ರಲ್ಲಿ, ಎರಡನೆಯ ಚಾವುಂಡರಾಯನು ಕನ್ನಡದಲ್ಲಿಯೇ ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ವಿಚಾರಕ್ಕೂ ಗಿಡಮರಗಳ ಆರೈಕೆಗೂ ಪ್ರತ್ಯೇಕ ಸ್ಥಾನವಿದೆ. ಮನೆ, ನೀರು, ಗಿಡ ಇವು ಮೂರೂ ಒಂದೇ ಗ್ರಂಥದಲ್ಲಿ ಬರುವುದು ಆ ಕಾಲದ ಗೃಹಸ್ಥನ ದೃಷ್ಟಿಗೆ ಸಾಕ್ಷಿ.

ಹಿತ್ತಿಲ ಕುಂಟೆಯ ಕ್ರಮ

ಹಳೆಯ ಮನೆಗಳ ಹಿತ್ತಿಲುಗಳನ್ನು ನೋಡಿ, ಅವುಗಳನ್ನು ನೋಡಿಕೊಂಡ ಹಿರಿಯರೊಡನೆ ಮಾತನಾಡಿ ನಾವು ಗ್ರಹಿಸಿದ ಕ್ರಮವನ್ನು ಇಲ್ಲಿ ಸಂಗ್ರಹಿಸುತ್ತೇವೆ.

ಮೊದಲನೆಯದು ನೆಲದ ಇಳಿಜಾರು. ನಿವೇಶನದಲ್ಲಿ ಎತ್ತರದ ಜಾಗದಲ್ಲಿ ಮನೆ. ಅದಕ್ಕಿಂತ ತಗ್ಗಿನಲ್ಲಿ ಅಂಗಳ ಮತ್ತು ದನದ ಕೊಟ್ಟಿಗೆ. ಅದಕ್ಕೂ ತಗ್ಗಿನಲ್ಲಿ ಗಿಡಗಳ ಪಾತಿ. ಎಲ್ಲಕ್ಕಿಂತ ತಗ್ಗಿನಲ್ಲಿ ಕುಂಟೆ. ನೂರು ಅಡಿಗೆ ಒಂದು ಅಡಿಯ ಇಳಿಜಾರಿದ್ದರೆ ನೀರು ಮಣ್ಣನ್ನು ಕೊಚ್ಚದೆ ನಿಧಾನವಾಗಿ ನಡೆಯುತ್ತದೆ. ಇಳಿಜಾರು ಹೆಚ್ಚಾಗಿದ್ದರೆ ಅಡ್ಡಲಾಗಿ ಸಣ್ಣ ಬದುಗಳನ್ನು ಹಾಕಿ ನೀರಿನ ಓಟವನ್ನು ತಗ್ಗಿಸಬೇಕು. ಕೊಟ್ಟಿಗೆಯ ಗಂಜಲ ಕುಂಟೆಗೆ ಹೋಗದೆ ತಿಪ್ಪೆಗೆ ಹೋಗುವಂತೆ ಬೇರೆಯ ಹಾದಿ.

ಎರಡನೆಯದು ಹೂಳಿನ ತಡೆ. ಸೂರಿನಿಂದ ಬಿದ್ದ ನೀರೂ ಅಂಗಳದ ನೀರೂ ನೇರವಾಗಿ ಕುಂಟೆಗೆ ಇಳಿಯಬಾರದು. ಅದಕ್ಕೆ ಮುಂಚೆ ಒಂದು ಸಣ್ಣ ಗುಂಡಿಯಲ್ಲಿ ನಿಂತು, ತರಗೆಲೆ ಮಣ್ಣುಗಳನ್ನು ಅಲ್ಲಿ ಬಿಟ್ಟು, ಮೇಲಿನ ತಿಳಿನೀರು ಮಾತ್ರ ಕುಂಟೆಗೆ ಹರಿಯಬೇಕು. ಈ ಸಣ್ಣ ಗುಂಡಿಯನ್ನು ಮಳೆಗಾಲದಲ್ಲಿ ಆಗಾಗ ಬಳಿಯುವುದು ಮಕ್ಕಳ ಕೆಲಸವಾಗಿತ್ತು.

ಮೂರನೆಯದು ತಳ. ಮರಳುಮಣ್ಣಿನ ನೆಲದಲ್ಲಿ ತೋಡಿದ ಗುಂಡಿ ನೀರನ್ನು ಹಿಡಿಯದು. ಕೆರೆಯಿಂದ ತಂದ ಜೇಡಿಮಣ್ಣನ್ನು ತಳಕ್ಕೂ ಬದಿಗಳಿಗೂ ಹರಡಿ, ನೀರು ಚಿಮುಕಿಸಿ, ಎತ್ತು ಎಮ್ಮೆಗಳನ್ನು ಇಳಿಸಿ ತುಳಿಸುತ್ತಿದ್ದರು. ಹಲವು ದಿನಗಳ ತುಳಿತದಿಂದ ಮಣ್ಣು ಬಿಗಿಯಾಗಿ ಕೂಡಿಕೊಳ್ಳುತ್ತಿತ್ತು. ಒಮ್ಮೆ ಸಂಪೂರ್ಣ ಒಣಗಿ ಬಿರಿದರೆ ಮತ್ತೆ ತುಳಿಸಬೇಕು. ಬದಿಗಳು ಗೋಡೆಯಂತೆ ನೆಟ್ಟಗಿರದೆ ಓರೆಯಾಗಿರಬೇಕು. ಮಣ್ಣು ಕುಸಿಯದಿರುವುದಕ್ಕೆ ಮಾತ್ರವಲ್ಲ, ಜಾರಿ ಬಿದ್ದ ಮಗುವಾಗಲಿ ಕರುವಾಗಲಿ ಹತ್ತಿ ಬರುವುದಕ್ಕೂ ಅದು ಅಗತ್ಯ. ದಡಕ್ಕೆ ಲಾವಂಚ ಅಥವಾ ಗರಿಕೆ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಕೋಡಿ. ಕುಂಟೆಯ ಒಂದು ಬದಿಯಲ್ಲಿ ಕಲ್ಲು ಹಾಸಿದ ತಗ್ಗು. ಅದರ ಮಟ್ಟ ಪಾತಿಗಳ ಮಟ್ಟಕ್ಕಿಂತ ಒಂದು ಗೇಣಾದರೂ ಕೆಳಗಿರಬೇಕು. ಮನೆಯ ತಳಪಾಯದಿಂದ ಇನ್ನೂ ಬಹಳ ಕೆಳಗಿರಬೇಕು. ಕುಂಟೆ ತುಂಬಿದ ಮೇಲೆ ಬಂದ ನೀರು ಅಲ್ಲಿಂದ ಹೊರಟು, ಬೀದಿಯ ಕಾಲುವೆ ಸೇರಿ, ಕೆಳಗಿನ ಮನೆಯ ಬೇಲಿಯ ಅಂಚಿನಲ್ಲಿ ಹರಿದು, ಕೊನೆಗೆ ಊರ ಕೆರೆಯನ್ನು ಸೇರುತ್ತಿತ್ತು. ಅಂದರೆ ಕುಂಟೆ ಒಬ್ಬರ ಸ್ವತ್ತು. ಅದರ ಕೋಡಿ ಮಾತ್ರ ಊರಿನದು. ತನ್ನ ಕೋಡಿಯ ನೀರು ನೆರೆಯವನ ಅಂಗಳಕ್ಕೆ ನುಗ್ಗದಂತೆ ನೋಡಿಕೊಳ್ಳುವುದು ಗೃಹಸ್ಥನ ಮರ್ಯಾದೆಯ ವಿಷಯವಾಗಿತ್ತು.

ಐದನೆಯದು ಬಳಸಿದ ನೀರು. ಅಡುಗೆಮನೆಯ ನೀರೂ ಬಚ್ಚಲ ನೀರೂ ಕುಂಟೆಗೆ ಬೀಳಬಾರದು. ಅದಕ್ಕೆ ಬಾಳೆಯ ಬುಡ, ಕೆಸುವಿನ ಮಡಿ, ತೆಂಗಿನ ಪಾತಿ ಇವೆ. ಬಚ್ಚಲ ಹಿಂದೆ ತೆಂಗಿನ ಮರ ಇರುವುದು ದಕ್ಷಿಣದ ಹಳ್ಳಿಗಳಲ್ಲೆಲ್ಲ ಕಾಣುವ ನೋಟ. ನೀರು ನಿಂತು ನಾರದಂತೆ ವಾರಕ್ಕೊಮ್ಮೆ ಹಾದಿಯನ್ನು ಬದಲಿಸುತ್ತಿದ್ದರು. ಕುಂಟೆಯಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಸಣ್ಣ ಮೀನುಗಳನ್ನು ಬಿಡುವುದು ರೂಢಿ.

ಆರನೆಯದು ಬೇಸಗೆಯ ಕೆಲಸ. ನೀರು ತಳ ಕಂಡಾಗ ಹೂಳೆತ್ತಿ ತೆಂಗಿನ ಬುಡಕ್ಕೂ ಬಾಳೆಯ ಪಾತಿಗೂ ಹಾಕುವುದು. ಹೂಳು ಕುಂಟೆಗೆ ರೋಗ, ತೋಟಕ್ಕೆ ಔಷಧ.

ಇದರಿಂದ ಎಷ್ಟು ಪ್ರಯೋಜನವೆಂದು ಕೇಳುವವರಿಗೆ ಒಂದು ಸರಳ ಲೆಕ್ಕ. ಹತ್ತು ಸೆಂಟಿನ ನಿವೇಶನವೆಂದರೆ ಸುಮಾರು 405 ಚದರ ಮೀಟರು. ಅದರ ಮೇಲೆ 25 ಮಿಲಿಮೀಟರು ಮಳೆ ಬಿದ್ದರೆ, ಆ ಒಂದೇ ಸಂಜೆ ಸುಮಾರು 10,000 ಲೀಟರು ನೀರು ಆ ನೆಲಕ್ಕೆ ಇಳಿದಂತೆ. ಅದರಲ್ಲಿ ಅರ್ಧ ಇಂಗಿದರೂ 5,000 ಲೀಟರು ಹರಿಯಲು ಸಿದ್ಧವಾಗಿರುತ್ತದೆ. ಸರಾಸರಿಯಲ್ಲಿ ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಒಂದು ಮೀಟರು ಆಳದ ಕುಂಟೆ 12,000 ಲೀಟರನ್ನು ಹಿಡಿಯುತ್ತದೆ. ಅಂಥ ಎರಡು ಮಳೆಯನ್ನು ಆ ಮನೆ ಬೀದಿಗೆ ಬಿಡದೆ ತನ್ನಲ್ಲಿಯೇ ಇರಿಸಿಕೊಳ್ಳಬಲ್ಲದು. ಒಂದು ಬೀದಿಯಲ್ಲಿ ಇಪ್ಪತ್ತು ಮನೆಗಳಿದ್ದರೆ 1,00,000 ಲೀಟರು ನೀರು ಒಂದೇ ಸಂಜೆ ಬೀದಿಗೆ ಬರುವುದೋ ಬಾರದಿರುವುದೋ ಎಂಬುದು ಈ ಕುಂಟೆಗಳ ಮೇಲೆ ನಿಂತಿದೆ. ಐದನೆಯ ತರಗತಿಯ ಹುಡುಗನೂ ಮಾಡಬಲ್ಲ ಲೆಕ್ಕವಿದು.

ಪೆರಿಯಾರ್ ನೀರು ಬಂದ ಮೇಲೆ

1876ರಿಂದ 1878ರವರೆಗಿನ ಘೋರ ಕ್ಷಾಮ ಮದ್ರಾಸು ಪ್ರಾಂತವನ್ನೂ ಮೈಸೂರನ್ನೂ ನಡುಗಿಸಿತು. ಅದುವರೆಗೆ ಕಾಗದದಲ್ಲಿಯೇ ಉಳಿದಿದ್ದ ಪೆರಿಯಾರ್ ಯೋಜನೆಗೆ ಆಮೇಲೆ ಜೀವ ಬಂದಿತು. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಸಂಸ್ಥಾನಕ್ಕೂ ಬ್ರಿಟಿಷ್ ಸರಕಾರಕ್ಕೂ 999 ವರ್ಷಗಳ ಗುತ್ತಿಗೆಯ ಕರಾರು ಆಯಿತು. ಜಾನ್ ಪೆನ್ನಿಕ್ವಿಕ್ ಎಂಬ ಎಂಜಿನಿಯರನ ನೇತೃತ್ವದಲ್ಲಿ 1887ರಲ್ಲಿ ಕೆಲಸ ಆರಂಭವಾಗಿ, ಕಾಡುಜ್ವರಕ್ಕೂ ಕಾಲರಾಕ್ಕೂ ಬಹಳ ಜನ ಕೂಲಿಕಾರರು ಬಲಿಯಾದ ಮೇಲೆ, 1895ರ ಅಕ್ಟೋಬರಿನಲ್ಲಿ ನೀರು ಬಿಡಲಾಯಿತು. ಸುಣ್ಣ, ಸುರ್ಕಿ ಮತ್ತು ಕಲ್ಲಿನಿಂದ ಕಟ್ಟಿದ ಆ ಅಣೆ ಇಂದಿಗೂ ನಿಂತಿದೆ. ಬೆಟ್ಟವನ್ನು ಕೊರೆದ ಸುರಂಗದಿಂದ ಇಳಿದ ನೀರು ಕಣಿವೆಯ ಹೊಳೆಯನ್ನು ಸೇರಿ, ಗೂಡಲೂರು, ಕಂಬಂ, ಉತ್ತಮಪಾಳಯಂ, ಚಿನ್ನಮನೂರುಗಳ ಗದ್ದೆಗಳನ್ನು ತಣಿಸಿ, ವೈಗೈಯನ್ನು ಕೂಡುತ್ತದೆ. ಮುಂದೆ ಪೇರಣೆಯಿಂದ ಕಾಲುವೆಯಾಗಿ ಮಧುರೆಯ ಕಡೆಗೆ ಸಾಗುತ್ತದೆ. ಕಂಬಂ ಕಣಿವೆಯಲ್ಲಿ 14,707 ಎಕರೆ ಎರಡು ಬೆಳೆಯ ಗದ್ದೆ ಈ ನೀರನ್ನು ಅವಲಂಬಿಸಿದೆ. 1959ರಲ್ಲಿ ವೈಗೈ ಅಣೆಕಟ್ಟು ಈ ಸರಪಣಿಗೆ ಸೇರಿತು.

ಒಣಕಣಿವೆಗೆ ವರ್ಷದಲ್ಲಿ ಹಲವು ತಿಂಗಳು ಹರಿಯುವ ನೀರು ಬಂದಾಗ ಹಿತ್ತಿಲಿನ ಸಮಸ್ಯೆಯ ಸ್ವರೂಪವೇ ಬದಲಾಗುವುದು ಸಹಜ. ಕಾಲುವೆಗೂ ಗದ್ದೆಗೂ ಹತ್ತಿರದ ಮನೆಗಳ ಬಾವಿಯಲ್ಲಿ ನೀರು ಮೇಲೇರುತ್ತದೆ, ಅದು ಸಂತೋಷವೇ. ಆದರೆ ತಗ್ಗಿನ ತೋಟಗಳಲ್ಲಿ ನೆಲದೊಳಗಿನಿಂದ ಒರತೆ ಕಾಣಿಸಿಕೊಳ್ಳುತ್ತದೆ. ಗೋಡೆಯ ಬುಡ ತೇವ ಹಿಡಿಯುತ್ತದೆ. ತೆಂಗಿನ ಗರಿ ಹಳದಿಯಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಮೂಡುತ್ತದೆ. ನೀರು ಕಡಮೆಯಾಗಿದೆಯೆಂದು ಭಾವಿಸಿ ಗಿಡಕ್ಕೆ ಇನ್ನಷ್ಟು ನೀರು ಹಾಯಿಸುವವರುಂಟು. ಬೇರು ಉಸಿರಾಡಲಾರದೆ ಬಾಡಿದ ಗಿಡಕ್ಕೆ ಅದು ಮತ್ತಷ್ಟು ಕೇಡು.

ಇಂಥ ನೆಲಕ್ಕೆ ಬೇಕಾದುದು ಬಸಿಗಾಲುವೆ. ತೋಟದ ಮೇಲ್ಬದಿಯಲ್ಲಿ, ಒರತೆ ಬರುವ ದಿಕ್ಕಿಗೆ ಅಡ್ಡಲಾಗಿ, ಬೇರುಗಳ ಆಳಕ್ಕಿಂತ ಕೆಳಗೆ ಒಂದು ಕಾಲುವೆ ತೋಡಿದರೆ, ನೆಲದೊಳಗೆ ಜಿನುಗಿ ಬರುವ ನೀರು ಅಲ್ಲಿಯೇ ಬಸಿದು, ತೋಟವನ್ನು ಬಳಸಿಕೊಂಡು ಹೋಗಿ ಕುಂಟೆಯನ್ನು ಸೇರುತ್ತದೆ. ಹೀಗೆ ಒಣಸೀಮೆಯಲ್ಲಿ ನೀರನ್ನು ಕೂಡಿಡುವ ಕುಂಟೆ, ಜೌಗು ನೆಲದಲ್ಲಿ ನೀರನ್ನು ಸೆಳೆದುಕೊಳ್ಳುವ ಕುಂಟೆಯಾಗುತ್ತದೆ. ಶಿರಸಿ, ಸಿದ್ಧಾಪುರಗಳ ಕಣಿವೆಯ ಅಡಕೆ ತೋಟಗಳನ್ನು ನೋಡಿದವರಿಗೆ ಈ ತತ್ತ್ವ ಪರಿಚಿತ. ಅಲ್ಲಿ ಮರಗಳ ಸಾಲುಗಳ ನಡುವಿನ ಬಸಿಗಾಲುವೆಗಳನ್ನು ವರ್ಷವರ್ಷವೂ ಚೊಕ್ಕಟಗೊಳಿಸದಿದ್ದರೆ ತೋಟ ಉಳಿಯದು. ಇದಕ್ಕೆ ವ್ಯತಿರಿಕ್ತವಾಗಿ ಕಾಸರಗೋಡಿನ ಗುಡ್ಡದ ಕನ್ನಡಿಗರು ಬೆಟ್ಟದ ಒಡಲಿಗೆ ಸುರಂಗ ಕೊರೆದು, ಜಿನುಗಿದ ನೀರನ್ನು ಮಣ್ಣಿನ ಕೊಳದಲ್ಲಿ ನಿಲ್ಲಿಸಿ, ತೋಟಕ್ಕೆ ಬಿಡುತ್ತಾರೆ. ಒಂದೆಡೆ ನೀರನ್ನು ಹೊರಗೆ ಕಳುಹಿಸುವ ಜಾಣ್ಮೆ, ಮತ್ತೊಂದೆಡೆ ನೀರನ್ನು ಕರೆದು ತರುವ ಜಾಣ್ಮೆ. ಕಂಬಂ ಕಣಿವೆಯವರಿಗೆ ಎರಡೂ ಬೇಕಾದವು.

ದ್ರಾಕ್ಷಿಯ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ. 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಂಬಂ ಪನ್ನೀರು ದ್ರಾಕ್ಷಿಯ ಬಳ್ಳಿ ನೀರನ್ನು ಬಯಸುತ್ತದೆ, ನಿಂತ ನೀರನ್ನು ಸಹಿಸುವುದಿಲ್ಲ. ಹಣ್ಣು ಮಾಗುವ ಸಮಯದಲ್ಲಿ ಬುಡದಲ್ಲಿ ನೀರು ನಿಂತರೆ ಕಾಯಿ ಬಿರಿಯುತ್ತದೆ, ಎಲೆಗೆ ಬೂಜು ಹಿಡಿಯುತ್ತದೆ. ಹಿತ್ತಿಲ ಚಪ್ಪರದ ಒಂದು ಬಳ್ಳಿಗೂ ಈ ನಿಯಮವೇ.

ಮುಲ್ಲೈಪೆರಿಯಾರ್ ಅಣೆಯಲ್ಲಿ ನೀರಿನ ಮಟ್ಟವನ್ನು 1979ರಲ್ಲಿ 136 ಅಡಿಗೆ ಇಳಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪಿನಂತೆ 142 ಅಡಿಯವರೆಗೆ ನಿಲ್ಲಿಸಲು ಅವಕಾಶವಾಯಿತು. ಆ ವಿವಾದದಲ್ಲಿ ಪ್ರವೇಶಿಸುವುದು ನಮ್ಮ ಉದ್ದೇಶವಲ್ಲ. ಎಷ್ಟು ನಿಲ್ಲಿಸಬೇಕು, ಮಿಕ್ಕುದನ್ನು ಯಾರ ಕಡೆಗೆ ಬಿಡಬೇಕು ಎಂಬ ಪ್ರಶ್ನೆ ಹಿತ್ತಿಲಿನಿಂದ ಹಿಡಿದು ರಾಜ್ಯಗಳವರೆಗೂ ಒಂದೇ ಎಂಬುದನ್ನಷ್ಟೇ ಇಲ್ಲಿ ಗಮನಕ್ಕೆ ತರುತ್ತೇವೆ. ಎರಡು ರಾಜ್ಯಗಳ ಎಲ್ಲೆಯಲ್ಲಿರುವುದು ಕೆರೆಗೆ ದೋಷವೆಂದು 1369ರ ಶಾಸನ ಹೇಳಿದುದು ಅನುಭವದ ಮಾತೇ ಇರಬೇಕು.

ಕುಂಟೆಗಳು ಮುಚ್ಚಿಹೋದ ಬಗೆ

ಕುಂಟೆಗಳನ್ನು ಯಾರೂ ದ್ವೇಷದಿಂದ ಮುಚ್ಚಲಿಲ್ಲ. ನಲ್ಲಿಯ ನೀರು ಬಂದಿತು, ಕೊಳವೆಬಾವಿ ಬಂದಿತು, ದನ ಕಡಮೆಯಾಯಿತು, ಅಣ್ಣತಮ್ಮಂದಿರ ಪಾಲಿನಲ್ಲಿ ಹತ್ತು ಸೆಂಟು ಮೂರು ಮೂರಾಗಿ ಒಡೆಯಿತು. ತಗ್ಗಿನ ಮೂಲೆಯ ಪಾಲು ಬಂದವನು ಮನೆ ಕಟ್ಟುವುದಕ್ಕೆ ಕುಂಟೆಯನ್ನು ಮುಚ್ಚದೆ ಗತ್ಯಂತರವಿರಲಿಲ್ಲ. ಒಬ್ಬೊಬ್ಬರ ನಿರ್ಧಾರವೂ ಅವರವರ ಮಟ್ಟಿಗೆ ನ್ಯಾಯವಾದುದೇ. ಆದರೆ ಕೋಡಿ ಊರಿನದೆಂಬುದನ್ನು ಎಲ್ಲರೂ ಸೇರಿ ಮರೆತರು.

ನಮಗೆ ಪರಿಚಯವಿರುವ ಒಂದು ಬೀದಿಯಲ್ಲಿ ಹಿಂದೆ ಏಳು ಹಿತ್ತಿಲುಗಳಲ್ಲಿ ಕುಂಟೆಗಳಿದ್ದವು. ಇಂದು ಒಂದೂ ಇಲ್ಲ. ಅಂಗಳಗಳೆಲ್ಲ ಸಿಮೆಂಟಾಗಿವೆ. ಕೋಡಿಯ ಕಾಲುವೆಯ ಮೇಲೆ ಚಪ್ಪಡಿ ಎಳೆದು ಮೆಟ್ಟಿಲು ಕಟ್ಟಿದ್ದಾರೆ. ಈಗ ಐಪ್ಪಸಿಯ ಮಳೆ ಒಂದು ಗಂಟೆ ಸುರಿದರೂ ಬೀದಿಯ ಕೊನೆಯ ಮನೆಯಲ್ಲಿ ಒಂಟಿಯಾಗಿರುವ ವೃದ್ಧೆ ಹಾಸಿಗೆಯನ್ನು ಸುತ್ತಿ ಮಂಚದ ಮೇಲಿಟ್ಟು ಕುಳಿತುಕೊಳ್ಳುತ್ತಾರೆ. ಅದೇ ಬೀದಿಗೆ ಚಿತ್ತಿರೆಯಲ್ಲಿ ಲಾರಿಯಲ್ಲಿ ನೀರು ಬರುತ್ತದೆ. ಅಕ್ಟೋಬರಿನ ನೀರನ್ನು ಇರಿಸಿಕೊಳ್ಳಲಾರದವರು ಏಪ್ರಿಲಿನಲ್ಲಿ ಅದನ್ನೇ ಹಣ ಕೊಟ್ಟು ಕೊಳ್ಳುವುದು ಲೋಕವಿರೋಧವಾದ ವ್ಯವಹಾರ.

ಸರಕಾರ ಸುಮ್ಮನಿದ್ದಿತೆಂದು ಹೇಳಲಾಗದು. ತಮಿಳುನಾಡಿನಲ್ಲಿ 2003ರ ಸುಗ್ರೀವಾಜ್ಞೆಯಿಂದ ಎಲ್ಲ ಕಟ್ಟಡಗಳಿಗೂ ಮಳೆನೀರಿನ ಸಂಗ್ರಹ ಕಡ್ಡಾಯವಾಯಿತು. ಅನೇಕ ಮನೆಗಳಲ್ಲಿ ಮಾಳಿಗೆಯಿಂದ ಕೊಳವೆ ಇಳಿಸಿ ಇಂಗುಗುಂಡಿ ತೋಡಿದರು. ಆದರೆ ಹಲವೆಡೆ ಆ ಗುಂಡಿಗಳಿಗೆ ಹೂಳಿನ ತಡೆಯೂ ಇಲ್ಲ, ವರ್ಷಕ್ಕೊಮ್ಮೆಯ ಶುದ್ಧಿಯೂ ಇಲ್ಲ. ಹಾಗಾದರೆ ಕೆಲವು ಮಳೆಗಾಲಗಳಲ್ಲಿಯೇ ಅವು ಕಟ್ಟಿಕೊಳ್ಳುತ್ತವೆ. ಕೆರೆಗಳ ವಿಷಯದಲ್ಲಿ ಊರವರೇ ಕೂಡಿ ಹೂಳೆತ್ತುವ ‘ಕುಡಿಮರಾಮತ್ತು’ ಎಂಬ ಹಳೆಯ ಪದ್ಧತಿ ಈ ಸೀಮೆಯಲ್ಲಿತ್ತು. ಆ ವಾಡಿಕೆ ಸಡಿಲವಾಗುತ್ತಿದ್ದುದನ್ನು ಕಂಡೋ ಏನೋ ಬ್ರಿಟಿಷರು 1858ರಲ್ಲಿ ಅದಕ್ಕೆ ಕಾಯಿದೆಯ ಬಲ ಕೊಟ್ಟರು. 2017ರಲ್ಲಿ ರಾಜ್ಯ ಸರಕಾರ ಅದೇ ಹೆಸರಿನಲ್ಲಿ ಕೆರೆಗಳ ದುರಸ್ತಿಯ ಯೋಜನೆಯನ್ನು ಆರಂಭಿಸಿತು. ಒಳ್ಳೆಯದೇ. ಆದರೆ ಕಾಯಿದೆಯಿಂದ ಕೆರೆಯ ಹೂಳನ್ನು ತೆಗೆಸಬಹುದು. ಹಿತ್ತಿಲ ಕೋಡಿಯ ಮರ್ಯಾದೆಯನ್ನು ಕಾಯಿದೆ ಕಲಿಸಲಾರದು.

ನುಡಿಯೂ ನೀರೂ

ಇದು ಸಾಹಿತ್ಯದ ಸಭೆಯ ಸಂಚಿಕೆ. ನೀರುಗುಂಡಿಯ ವಿಚಾರ ಇಲ್ಲೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ ತಾಯಿ ಮಗುವಿಗೆ ಕೊಟ್ಟ ಉಪದೇಶವನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಲಾರರು. ಕನ್ನಡದಲ್ಲಿ ಕೆರೆ ಕಟ್ಟುವುದು ಕಾವ್ಯಕ್ಕೂ ಧರ್ಮಕ್ಕೂ ಹೊರಗಿನ ವಿಷಯವಾಗಿ ಎಂದೂ ಇರಲಿಲ್ಲ.

ನಮ್ಮಂತಹ ಗಡಿಯಾಚೆಯ ಕನ್ನಡಿಗರಿಗೆ ಇನ್ನೊಂದು ಕಾರಣವೂ ಇದೆ. ನಮ್ಮ ಕನ್ನಡ ಪುಸ್ತಕದಿಂದ ಬಂದುದಲ್ಲ. ಅದು ಹೊಲ, ಕೊಟ್ಟಿಗೆ, ಒಲೆ, ಹಿತ್ತಿಲುಗಳಲ್ಲಿ ಬಾಯಿಂದ ಬಾಯಿಗೆ ಬಂದುದು. ಮಗು ಕುಂಟೆಯ ದಡದಲ್ಲಿ ಆಡುವಾಗ ತಾಯಿ ಕೂಗಿ ಹೇಳಿದ ಎಚ್ಚರಿಕೆಯ ಮಾತಿನಲ್ಲಿ, ತಾತನು ಸನಿಕೆ ಹಿಡಿದು ಪಾತಿ ಕಟ್ಟುತ್ತ ಮೊಮ್ಮಗನಿಗೆ ಹೇಳಿದ ಅಪ್ಪಣೆಯಲ್ಲಿ ಅದು ಉಳಿಯಿತು. ಕುಂಟೆ ಮುಚ್ಚಿದಾಗ ಆ ಮಾತಿಗೆ ಸಂದರ್ಭವೇ ಇಲ್ಲವಾಗುತ್ತದೆ. ಕೋಡಿಯನ್ನು ನೋಡದ ಮಗುವಿಗೆ ಕೋಡಿ ಎಂಬ ಪದವನ್ನು ಕಲಿಸುವುದು ಹೇಗೆ? ನಿಘಂಟಿನಲ್ಲಿ ಪದ ಇದ್ದೇ ಇರುತ್ತದೆ, ಮನೆಯಲ್ಲಿ ಇರುವುದಿಲ್ಲ. ಕಂಬಂ ಊರಿನಲ್ಲಿ ನಂದಗೋಪಾಲಸ್ವಾಮಿಯ ಹೆಸರಿನ ‘ತಂಬಿರಾನ್’ ದನಗಳ ದೊಡ್ಡಿಯನ್ನು ಕನ್ನಡ ಮನೆಮಾತಿನ ಜನ ಇಂದಿಗೂ ಭಕ್ತಿಯಿಂದ ನಡೆಸಿಕೊಂಡು ಬಂದಿದ್ದಾರೆ. ದನದ ವಿಷಯದಲ್ಲಿ ಸಾಧ್ಯವಾದುದು ನೀರಿನ ವಿಷಯದಲ್ಲಿಯೂ ಸಾಧ್ಯವಾಗಬೇಕು.

ಆದಕಾರಣ ಸಂಘದ ಮುಂದೆ ಎರಡು ವಿನಂತಿಗಳನ್ನು ಇಡುತ್ತೇವೆ. ಮೊದಲನೆಯದು, ಎಪ್ಪತ್ತು ವರ್ಷ ದಾಟಿದ ನಮ್ಮ ಮನೆಗಳ ಹೆಂಗಸರು ಗಂಡಸರನ್ನು ಕಂಡು, ನೀರು, ಮಣ್ಣು, ತೋಟಗಳಿಗೆ ಸಂಬಂಧಿಸಿದಂತೆ ಅವರು ಆಡುವ ಪದಗಳನ್ನು ಬರೆದಿಡುವುದು. ಕನ್ನಡ ಲಿಪಿ ಬಾರದ ಯುವಕರು ತಮಿಳು ಲಿಪಿಯಲ್ಲಿಯೇ ಬರೆಯಲಿ, ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಲಿ. ಲಿಪ್ಯಂತರ ಮಾಡಿಕೊಡಲು ನಮ್ಮಂಥ ನಿವೃತ್ತರು ಇದ್ದೇವೆ. ಮುಂದಿನ ಸಮ್ಮೇಳನದ ಹೊತ್ತಿಗೆ ಈ ಪದಗಳ ಒಂದು ಸಣ್ಣ ಕೈಪಿಡಿ ಸಿದ್ಧವಾದರೆ ಅದು ನಮ್ಮ ಸೀಮೆಯ ಕನ್ನಡಕ್ಕೆ ನಿಜವಾದ ಸೇವೆ.

ಎರಡನೆಯದು, ಹಿತ್ತಿಲಿನಲ್ಲಿ ಇನ್ನೂ ಜಾಗವುಳ್ಳವರು ಒಂದು ಕುಂಟೆಯನ್ನು ಉಳಿಸಿಕೊಳ್ಳುವುದು ಅಥವಾ ಹೊಸದಾಗಿ ತೋಡುವುದು. ಜಾಗವಿಲ್ಲದವರು ತಮ್ಮ ಮನೆಯ ನೀರು ಹೊರಡುವ ಹಾದಿಯನ್ನಾದರೂ ಒಮ್ಮೆ ನಡೆದು ನೋಡಬೇಕು. ಮಳೆ ಬರುವ ದಿನ ಕೊಡೆ ಹಿಡಿದು, ನಮ್ಮ ಅಂಗಳದಿಂದ ಹೊರಟ ನೀರು ಯಾರ ಬಾಗಿಲಿಗೆ ಹೋಗುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ, ಕೆರೆಯನ್ನು ಸೇರುತ್ತದೆಯೋ ಇಲ್ಲವೋ ಎಂಬುದನ್ನು ಮಕ್ಕಳೊಡನೆ ನೋಡಿ ಬಂದರೆ, ಅದಕ್ಕಿಂತ ಒಳ್ಳೆಯ ಚರಿತ್ರೆಯ ಪಾಠ ಬೇರೊಂದಿಲ್ಲ. ಹಾಗೆ ನಡೆಯುವಾಗ ಕಂಡ ವಸ್ತುಗಳ ಹೆಸರನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಕ್ಕಳಿಗೆ ಹೇಳಿಕೊಡಬೇಕೆಂದು ಮಾತ್ರ ನಮ್ಮ ಕೋರಿಕೆ. ಐಪ್ಪಸಿ ಬರಲು ಇನ್ನೂ ಸಮಯವಿದೆ. ಅಷ್ಟರೊಳಗೆ ಕೋಡಿಯ ಕಲ್ಲುಗಳನ್ನು ಸರಿಪಡಿಸಿಕೊಳ್ಳೋಣ.